ಎರಡು ಮುಖದ ಬ್ಯಾಂಕು

ಇಸ್ತಾಂಬುಲ್ ಎಂದ ಕೂಡಲೇ ನಮ್ಮ ಮನೆಗಳಲ್ಲಿ ಮೊದಲು ನೆನಪಾಗುವುದು ಮಸೀದಿಗಳು. ನೀಲಿ ಮಸೀದಿ, ಅಯಾ ಸೋಫಿಯಾ, ಸುಲೈಮಾನಿಯಾ. ಟರ್ಕಿಯ ಧಾರಾವಾಹಿಗಳನ್ನು ಮೊಬೈಲಿನಲ್ಲಿ ನೋಡುವ ಮಕ್ಕಳಿಗಾದರೆ ಕುದುರೆ, ಕತ್ತಿ, ಡೇರೆ ನೆನಪಾಗುತ್ತವೆ. ಉಮ್ರಾದಿಂದ ಬರುವಾಗ ಅಲ್ಲಿ ಎರಡು ದಿನ ತಂಗಿ ಬಂದವರು ತೋರಿಸುವ ಫೋಟೋಗಳಲ್ಲೂ ಅವೇ ಮಿನಾರಗಳು. ಒಂದು ಬ್ಯಾಂಕಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡವರನ್ನು ನಾನಂತೂ ಕಂಡಿಲ್ಲ.

ಹಾಗೆ ನಿಲ್ಲಬೇಕಾದ ಒಂದು ಬ್ಯಾಂಕು ಅಲ್ಲಿದೆ. ಉಸ್ಮಾನಿಯಾ ಸಾಮ್ರಾಜ್ಯ ಹೇಗೆ ಬೆಳೆಯಿತು ಎಂದು ತಿಳಿಯಲು ಮಸೀದಿಗಳನ್ನು ನೋಡಬೇಕು. ಅದು ಹೇಗೆ ಕುಗ್ಗಿತು ಎಂದು ತಿಳಿಯಲು ಗಲಾತಾ ಎಂಬ ಭಾಗದಲ್ಲಿರುವ ಒಟ್ಟೋಮನ್ ಬ್ಯಾಂಕಿನ ಹಳೆಯ ಕೇಂದ್ರ ಕಟ್ಟಡವನ್ನು ನೋಡಬೇಕು. ಇತಿಹಾಸದ ಪುಸ್ತಕಗಳು ಹತ್ತಾರು ಪುಟಗಳಲ್ಲಿ ಹೇಳುವುದನ್ನು ಈ ಕಟ್ಟಡ ತನ್ನ ಎರಡು ಗೋಡೆಗಳಲ್ಲಿ ಹೇಳುತ್ತದೆ.

ಮೊದಲು ಜಾಗದ ಪರಿಚಯ ಮಾಡಿಕೊಳ್ಳೋಣ. ಇಸ್ತಾಂಬುಲಿನ ಹಳೆಯ ನಗರ ಒಂದು ದಡದಲ್ಲಿದೆ. ಮಸೀದಿಗಳು, ಅರಮನೆ, ಸರಕಾರದ ಹಳೆಯ ಕಚೇರಿಗಳು ಎಲ್ಲ ಅಲ್ಲೇ. ಎದುರಿನ ದಡದ ಗುಡ್ಡದ ಮೇಲೆ ಗಲಾತಾ. ನಡುವೆ ಕಡಲು ಒಳಗೆ ಚಾಚಿಕೊಂಡು ನದಿಯಂತೆ ಕಾಣುತ್ತದೆ. ಇಂಗ್ಲಿಷಿನಲ್ಲಿ ಅದನ್ನು ಗೋಲ್ಡನ್ ಹಾರ್ನ್ ಎನ್ನುತ್ತಾರೆ. ಟರ್ಕಿಯವರ ಬಾಯಲ್ಲಿ ಅದು ಹಾಲಿಚ್. ಕೊಲ್ಲಿ ಎಂಬ ಅರ್ಥದ ಅರಬಿಯ ಖಲೀಜ್ ಪದವೇ ಅದು. ಗಲ್ಫ್‌ನಲ್ಲಿ ದುಡಿಯುವವರು ದಿನವೂ ಕೇಳುವ ಪದ. ಗಲಾತಾದಲ್ಲಿ ಬಹಳ ಹಿಂದಿನಿಂದಲೂ ಇಟಲಿಯ ಜಿನೋವಾದ ವ್ಯಾಪಾರಿಗಳು ನೆಲೆಸಿದ್ದರು. ಅಲ್ಲಿರುವ ಪ್ರಸಿದ್ಧ ಗೋಪುರವನ್ನು 1348ರಲ್ಲಿ ಕಟ್ಟಿದವರೂ ಅವರೇ. ಮುಂದೆ ಗ್ರೀಕರು, ಆರ್ಮೇನಿಯನ್ನರು, ಯಹೂದಿಗಳು, ಯುರೋಪಿನಿಂದ ಬಂದು ಅಲ್ಲೇ ಬೇರುಬಿಟ್ಟ ಕುಟುಂಬಗಳು ಅಲ್ಲಿ ಲೇವಾದೇವಿ ನಡೆಸಿದವು. ಗೋಪುರದ ಕೆಳಗಿನ ಇಳಿಜಾರಿನಲ್ಲಿ ಹಾದುಹೋಗುವ ವೊಯ್‌ವೊದಾ ಬೀದಿಯಲ್ಲಿ ಎಷ್ಟು ಬ್ಯಾಂಕುಗಳು ತಲೆಯೆತ್ತಿದವೆಂದರೆ ಅದರ ಹೆಸರೇ ಬ್ಯಾಂಕುಗಳ ಬೀದಿ ಎಂದಾಯಿತು.

ಈಗ ಸಾಲದ ಕಥೆ. ಕಟ್ಟಡ ಅರ್ಥವಾಗಬೇಕಾದರೆ ಇದನ್ನು ಬಿಡುವಂತಿಲ್ಲ.

1854ರಲ್ಲಿ, ಕ್ರಿಮಿಯಾ ಯುದ್ಧ ನಡೆಯುತ್ತಿದ್ದಾಗ, ಉಸ್ಮಾನಿಯಾ ಸರಕಾರ ಮೊದಲ ಬಾರಿಗೆ ವಿದೇಶದಿಂದ ಸಾಲ ಎತ್ತಿತು. ಯುದ್ಧದ ಖರ್ಚು ದೊಡ್ಡದಿತ್ತು, ಖಜಾನೆ ಬರಿದಾಗಿತ್ತು. ಮೊದಲ ಸಾಲಕ್ಕೆ ಯಾವಾಗಲೂ ಒಂದು ಒಳ್ಳೆಯ ಕಾರಣ ಇರುತ್ತದೆ, ಅದು ಮನೆಯಲ್ಲೂ ಹಾಗೆಯೇ. ಆಮೇಲೆ ಹಳೆಯ ಸಾಲದ ಬಡ್ಡಿ ಕಟ್ಟಲು ಹೊಸ ಸಾಲ ಬಂತು. 1856ರಲ್ಲಿ ಲಂಡನ್ನಿನಲ್ಲಿ ಇಂಗ್ಲಿಷರ ಬಂಡವಾಳದಿಂದ ಒಟ್ಟೋಮನ್ ಬ್ಯಾಂಕ್ ಎಂಬ ಸಂಸ್ಥೆ ಹುಟ್ಟಿತು. 1863ರಲ್ಲಿ ಫ್ರೆಂಚರ ಬಂಡವಾಳವೂ ಸೇರಿ ಅದು ಬಾದಶಾಹಿ ಒಟ್ಟೋಮನ್ ಬ್ಯಾಂಕ್ ಆಯಿತು. ಅದಕ್ಕೆ ನೋಟು ಅಚ್ಚುಹಾಕುವ ಏಕಮಾತ್ರ ಹಕ್ಕು ದೊರೆಯಿತು. ಇದು ಸೋಜಿಗದ ವಿಷಯ: ಒಂದು ದೊಡ್ಡ ಸಾಮ್ರಾಜ್ಯದ ಸರಕಾರಿ ಬ್ಯಾಂಕಿನ ಮೇಲೆ ಹಿಡಿತವಿದ್ದದ್ದು ಲಂಡನ್ ಮತ್ತು ಪ್ಯಾರಿಸ್‌ನಲ್ಲಿ ಕುಳಿತ ಸಮಿತಿಗಳಿಗೆ. ಹೆಸರಿನಲ್ಲಿ ಮಾತ್ರ ಬಾದಶಾಹಿ.

ಜನರಿಗೆ ಕಾಗದದ ಹಣದ ಮೇಲೆ ನಂಬಿಕೆ ಇರಲಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. 1840ರಿಂದ ಸರಕಾರ ಕಾಯಿಮೆ ಎಂಬ ಕಾಗದದ ಹಣವನ್ನು ಹೊರಡಿಸಿತ್ತು. ಅದರ ಬೆಲೆ ಕುಸಿದು ಸಂಬಳದವರು, ಸಣ್ಣ ವ್ಯಾಪಾರಿಗಳು ಕೈಸುಟ್ಟುಕೊಂಡಿದ್ದರು. 1862ರಲ್ಲಿ ಅದನ್ನು ಹಿಂದಕ್ಕೆ ಪಡೆಯಲಾಯಿತು. ಹೊಸ ಬ್ಯಾಂಕು ತನ್ನ ನೋಟನ್ನು ಜನರ ಕೈಗೆ ಕೊಟ್ಟು, ಇದಕ್ಕೆ ಬದಲಾಗಿ ಚಿನ್ನ ಸಿಗುತ್ತದೆ, ನಂಬಿ ಎಂದು ಹೇಳಬೇಕಾಗಿತ್ತು. ಬಾಯಲ್ಲಿ ಹೇಳಿದರೆ ಯಾರು ನಂಬುತ್ತಾರೆ? ಕಲ್ಲಿನಿಂದ ಹೇಳಿಸಬೇಕಾಯಿತು.

ಆದರೆ ಕಲ್ಲಿನ ಕಟ್ಟಡ ಏಳುವ ಮೊದಲೇ ಸರಕಾರ ಕುಸಿದುಬಿತ್ತು. 1875ರ ಹೊತ್ತಿಗೆ ವಿದೇಶಿ ಸಾಲ ಸುಮಾರು 20 ಕೋಟಿ ಪೌಂಡ್. ವರ್ಷಕ್ಕೆ ಕಟ್ಟಬೇಕಾದ ಕಂತು ಮತ್ತು ಬಡ್ಡಿಯೇ ಸರಕಾರದ ಆದಾಯದ ಅರ್ಧಕ್ಕಿಂತ ಹೆಚ್ಚು. ಆ ವರ್ಷ ಅಕ್ಟೋಬರ್‌ನಲ್ಲಿ ಸರಕಾರ, ಬಡ್ಡಿಯನ್ನು ಪೂರ್ತಿ ಕಟ್ಟಲು ಆಗುವುದಿಲ್ಲ ಎಂದು ಘೋಷಿಸಿತು. 1881ರ ಡಿಸೆಂಬರಿನಲ್ಲಿ, ಹಿಜರಿ 1299ರ ಮುಹರ್ರಂ ತಿಂಗಳಲ್ಲಿ, ಸುಲ್ತಾನ್ ಅಬ್ದುಲ್ ಹಮೀದ್ ಒಂದು ಆಜ್ಞೆ ಹೊರಡಿಸಿದರು. ಅದರಂತೆ ದುಯೂನೆ ಉಮೂಮಿಯಾ ಎಂಬ ಸಂಸ್ಥೆ ಬಂತು. ದೈನ್ ಎಂದರೆ ಸಾಲ, ದುಯೂನ್ ಅದರ ಬಹುವಚನ. ಸಾಲ ಕೊಟ್ಟವರ ಪ್ರತಿನಿಧಿಗಳೇ ಕುಳಿತು ಉಪ್ಪು, ತಂಬಾಕು, ಮದ್ಯ, ಮೀನು, ರೇಷ್ಮೆ, ಸ್ಟಾಂಪು ಇವುಗಳಿಂದ ಬರುವ ಆದಾಯವನ್ನು ನೇರವಾಗಿ ವಸೂಲಿ ಮಾಡುವ ವ್ಯವಸ್ಥೆ ಅದು. ಅಡುಗೆಮನೆಯ ಉಪ್ಪಿನ ಮೇಲಿನ ಹಣವೂ ನೇರ ಸಾಲಗಾರರ ಪೆಟ್ಟಿಗೆಗೆ ಹೋಯಿತು ಎಂದರೆ ಪರಿಸ್ಥಿತಿ ಅರ್ಥವಾದೀತು. ತಂಬಾಕಿಗೆಂದೇ ಬೇರೆಯಾಗಿ ರೆಜೀ ಎಂಬ ಕಂಪೆನಿ ಹುಟ್ಟಿಕೊಂಡಿತು. ಅದರಲ್ಲೂ ಒಟ್ಟೋಮನ್ ಬ್ಯಾಂಕಿನ ಪಾಲಿತ್ತು.

ಇಷ್ಟೆಲ್ಲ ಆದ ಮೇಲೆ, 1890ರಲ್ಲಿ, ಬ್ಯಾಂಕು ತನಗೊಂದು ದೊಡ್ಡ ಕೇಂದ್ರ ಕಟ್ಟಡ ಕಟ್ಟಲು ಹೊರಟಿತು. ಅದುವರೆಗೆ ಅದು ಗಲಾತಾದ ಸೇಂಟ್ ಪಿಯೆರ್ ಹಾನ್ ಎಂಬ ಹಳೆಯ ಕಟ್ಟಡದಲ್ಲಿತ್ತು. ದೇಶ ದಿವಾಳಿಯಾದ ಮೇಲೆ ಬ್ಯಾಂಕಿಗೆ ಅರಮನೆ!

ಕಟ್ಟಡದ ನಕ್ಷೆ ತಯಾರಿಸಿದವನು ಅಲೆಕ್ಸಾಂಡ್ರ್ ವಲ್ಲೋರಿ. 1850ರಲ್ಲಿ ಇಸ್ತಾಂಬುಲಿನಲ್ಲೇ ಹುಟ್ಟಿದವನು. ತಂದೆ ಪೇರಾ ಎಂಬ ಬಡಾವಣೆಯಲ್ಲಿ ಹೆಸರಾದ ಮಿಠಾಯಿ ಅಂಗಡಿ ನಡೆಸುತ್ತಿದ್ದ. ಮಗ ಪ್ಯಾರಿಸ್ಸಿನ ಪ್ರಸಿದ್ಧ ಕಲಾಶಾಲೆಯಲ್ಲಿ ವಾಸ್ತುಶಿಲ್ಪ ಕಲಿತು ಊರಿಗೆ ಮರಳಿದ. ಇಸ್ತಾಂಬುಲಿನ ಲಲಿತಕಲಾ ಶಾಲೆಯಲ್ಲಿ ಕಟ್ಟಡ ಕಲೆಯ ಮೇಷ್ಟ್ರಾಗಿ ದಶಕಗಳ ಕಾಲ ಪಾಠ ಹೇಳಿದ. ಇಂದು ಪ್ರವಾಸಿಗರು ಮುಗಿಬಿದ್ದು ನೋಡುವ ಪುರಾತತ್ವ ವಸ್ತುಸಂಗ್ರಹಾಲಯ ಅವನದೇ ಕೆಲಸ, ಅದು 1891ರಲ್ಲಿ ತೆರೆಯಿತು. ಪೇರಾ ಪ್ಯಾಲೇಸ್ ಹೋಟೆಲೂ ಅವನದೇ. ಅರ್ಧ ಯುರೋಪಿನವ, ಅರ್ಧ ಇಸ್ತಾಂಬುಲಿನವ. ಇಂಥವನ ಕೈಯಿಂದ ಎರಡು ಮುಖದ ಕಟ್ಟಡ ಬಂದದ್ದರಲ್ಲಿ ಆಶ್ಚರ್ಯವಿಲ್ಲ.

1892ರ ಮೇ ತಿಂಗಳಲ್ಲಿ ಕಟ್ಟಡದ ಉದ್ಘಾಟನೆಯಾಯಿತು. ಬ್ಯಾಂಕುಗಳ ಬೀದಿಯಲ್ಲಿ ನಿಂತು ನೋಡಿದರೆ ಇದು ಪ್ಯಾರಿಸ್ಸಿನಿಂದ ಎತ್ತಿ ತಂದಿಟ್ಟಂತೆ ಕಾಣುತ್ತದೆ. ಕೆಳಭಾಗದಲ್ಲಿ ಕೋಟೆಯ ಗೋಡೆಯಂಥ ದಪ್ಪ ಕಲ್ಲುಗಳು. ಅಳತೆ ತಪ್ಪದ ಕಿಟಕಿಗಳ ಸಾಲು. ಎಡಕ್ಕೆ ಏನಿದೆಯೋ ಬಲಕ್ಕೂ ಅದೇ. ಹಳೆಯ ರೋಮನ್ ಕಟ್ಟಡಗಳಿಂದ, ಇಟಲಿಯ ಶ್ರೀಮಂತರ ಮಹಲುಗಳಿಂದ ಬಂದ ಶೈಲಿ ಅದು. ಆ ಕಾಲದಲ್ಲಿ ಯುರೋಪಿನ ಯಾವ ನಗರಕ್ಕೆ ಹೋದರೂ ಬ್ಯಾಂಕು ಎಂದರೆ ಹೀಗೆಯೇ ಇರುತ್ತಿತ್ತು. ದಪ್ಪ ಗೋಡೆ ಎಂದರೆ ಒಳಗಿನ ಹಣ ಭದ್ರ ಎಂದರ್ಥ. ಸಮ ಅಳತೆ ಎಂದರೆ ಒಳಗೆ ಲೆಕ್ಕ ತಪ್ಪುವುದಿಲ್ಲ ಎಂದರ್ಥ. ಓದು ಬಾರದವನಿಗೂ ಈ ಭಾಷೆ ಅರ್ಥವಾಗುತ್ತದೆ.

ಈಗ ಹಿಂಭಾಗಕ್ಕೆ ಬನ್ನಿ. ಗುಡ್ಡದ ಇಳಿಜಾರಿನಲ್ಲಿ ಕಟ್ಟಿದ ಮನೆಗಳನ್ನು ನೀವು ನೋಡಿರಬಹುದು. ರಸ್ತೆಯ ಕಡೆಯಿಂದ ಚಿಕ್ಕದಾಗಿ ಕಾಣುವ ಮನೆ ಹಿಂದಿನಿಂದ ಎತ್ತರವಾಗಿ ಕಾಣುತ್ತದೆ. ಈ ಬ್ಯಾಂಕೂ ಹಾಗೆಯೇ. ಹಾಲಿಚ್ ನೀರಿನ ಕಡೆಗೆ ನೆಲ ಕೆಳಗಿಳಿಯುತ್ತಾ ಹೋಗುವುದರಿಂದ ಹಿಂಭಾಗ ಇನ್ನಷ್ಟು ಎತ್ತರಕ್ಕೆ ಎದ್ದು ನಿಂತಿದೆ. ಆದರೆ ವ್ಯತ್ಯಾಸ ಎತ್ತರದ್ದು ಮಾತ್ರವಲ್ಲ. ಇಲ್ಲಿ ರೋಮ್ ಇಲ್ಲ, ಪ್ಯಾರಿಸ್ ಇಲ್ಲ. ಮಾಡಿನ ಅಗಲವಾದ ಸೂರು ಹೊರಕ್ಕೆ ಚಾಚಿದೆ. ಇಸ್ತಾಂಬುಲಿನ ಹಳೆಯ ಮರದ ಮನೆಗಳಲ್ಲಿ ಮಹಡಿಯ ಕೋಣೆ ಬೀದಿಯ ಮೇಲಕ್ಕೆ ಚಾಚಿಕೊಂಡಿರುತ್ತದೆ, ಹೆಂಗಸರು ಅಲ್ಲಿ ಕುಳಿತು ಬೀದಿ ನೋಡುತ್ತಿದ್ದರು. ಅದನ್ನು ನೆನಪಿಸುವ ಹೊರಚಾಚುಗಳು ಇಲ್ಲಿವೆ. ಒಟ್ಟು ನೋಟ ಪೂರ್ವದೇಶದ್ದು. ಎರಡು ಫೋಟೋಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿದರೆ ಒಂದೇ ಕಟ್ಟಡ ಎಂದು ಯಾರೂ ಹೇಳಲಾರರು. ನನ್ನ ತರಗತಿಯ ಮಕ್ಕಳಿಗೆ ತೋರಿಸಿದಾಗ ಒಬ್ಬಳೂ ಹೇಳಲಿಲ್ಲ.

ಯಾಕೆ ಹೀಗೆ? ಮುಂಭಾಗ ನೋಡುವುದು ಬ್ಯಾಂಕುಗಳ ಬೀದಿಯನ್ನು. ಅಲ್ಲಿ ಓಡಾಡುವವರು ಯುರೋಪಿನ ವ್ಯಾಪಾರಿಗಳು, ಹಣ ಹೂಡುವವರು. ಹಿಂಭಾಗ ನೋಡುವುದು ನೀರಿನಾಚೆಯ ಹಳೆಯ ನಗರವನ್ನು. ಅಲ್ಲಿ ಸುಲೈಮಾನಿಯಾದ ಗುಮ್ಮಟ, ವಜೀರರ ಕಚೇರಿಯಾದ ಬಾಬುಲ್ ಆಲಿ, ಉಪ್ಪಿಗೆ ತಂಬಾಕಿಗೆ ತೆರಿಗೆ ಕೊಡುವ ಜನ. ಸಾಲ ಕೊಡುವವರಿಗೆ ಒಂದು ಮುಖ, ಸಾಲ ತೀರಿಸುವವರಿಗೆ ಇನ್ನೊಂದು ಮುಖ. ಸ್ಥಳೀಯ ಸಂಸ್ಕೃತಿಗೆ ತೋರಿಸಿದ ಗೌರವ ಎಂದು ಇದನ್ನು ಮೆಚ್ಚಬಹುದು. ವಲ್ಲೋರಿಗೆ ಆ ಗೌರವ ಇದ್ದಿರಲೂಬಹುದು, ಅವನು ಹುಟ್ಟಿ ಬೆಳೆದ ಊರು ಅದು. ಆದರೆ ಹಣ ಕೊಟ್ಟು ಕಟ್ಟಿಸಿದವರ ಲೆಕ್ಕಾಚಾರ ಗೌರವದ್ದು ಎಂದು ನನಗೆ ಅನಿಸುವುದಿಲ್ಲ. ಊರಿನವರಂತೆ ಕಂಡರೆ ಊರಿನವರು ನಂಬುತ್ತಾರೆ. ಇಂದಿಗೂ ವಿದೇಶಿ ಕಂಪೆನಿಗಳು ರಂಝಾನ್ ಬಂದಾಗ ಜಾಹೀರಾತಿನಲ್ಲಿ ಚಂದ್ರ, ಖರ್ಜೂರ ಹಾಕುವುದಿಲ್ಲವೇ? ಅದೇ ಜಾಣ್ಮೆಯನ್ನು ಇಲ್ಲಿ ಕಲ್ಲು ಸುಣ್ಣದಲ್ಲಿ ಮಾಡಿದ್ದಾರೆ.

ಒಳಗೆ ಹೋದರೆ ಅಮೃತಶಿಲೆಯ ಮೆಟ್ಟಿಲು, ಎತ್ತರದ ಸಭಾಂಗಣ. ಪ್ರವೇಶದಲ್ಲೇ ಸುಂದರವಾದ ಅರಬಿ ಲಿಪಿಯಲ್ಲಿ ಒಂದು ವಾಕ್ಯವನ್ನು ಕೆತ್ತಿಸಿದ್ದಾರೆ: ಅಲ್ ಕಾಸಿಬು ಹಬೀಬುಲ್ಲಾಹ್. ಗಳಿಸುವವನು ಅಲ್ಲಾಹನಿಗೆ ಪ್ರಿಯನು ಎಂದು ಅರ್ಥ.

ಈ ವಾಕ್ಯದ ಮುಂದೆ ನಾವು ಸ್ವಲ್ಪ ನಿಲ್ಲಬೇಕು. ಟರ್ಕಿಯಲ್ಲೂ ನಮ್ಮಲ್ಲೂ ಬಹಳ ಜನ ಇದನ್ನು ಹದೀಸ್ ಎಂದೇ ತಿಳಿದಿದ್ದಾರೆ. ಆದರೆ ಪ್ರಸಿದ್ಧ ಆರು ಹದೀಸ್ ಸಂಗ್ರಹಗಳಲ್ಲಿ ಈ ಪದಗಳಲ್ಲಿ ಇದು ಇಲ್ಲ. ಜನರ ನಾಲಗೆಯ ಮೇಲೆ ಉಳಿದು ಬಂದ ಮಾತು. ಹಳೆಯ ಅಂಗಡಿಗಳಲ್ಲಿ, ಕಸುಬುದಾರರ ಮಳಿಗೆಗಳಲ್ಲಿ ಇದನ್ನು ಚೌಕಟ್ಟು ಹಾಕಿ ತೂಗುಹಾಕುವ ಪದ್ಧತಿ ಇತ್ತು. ಚಮ್ಮಾರ, ಬಡಗಿ, ರೊಟ್ಟಿ ಸುಡುವವ ಇವರ ತಲೆಯ ಮೇಲೆ ಆ ಮಾತು ಎಷ್ಟು ಚೆನ್ನಾಗಿ ಒಪ್ಪುತ್ತದೆ! ಕಸ್ಬ್ ಎಂದರೆ ದುಡಿದು ಗಳಿಸುವುದು. ನಾವು ಕನ್ನಡದಲ್ಲಿ ಕಸಬು ಎನ್ನುವುದೂ ಅದೇ ಪದದಿಂದ ಬಂದದ್ದು. ಕಸಬು ಇಲ್ಲದೆ ಹಣದಿಂದ ಹಣ ಹುಟ್ಟಿಸುವ ಸ್ಥಳದ ಬಾಗಿಲಲ್ಲಿ ಕಸಬುದಾರನ ಮಾತನ್ನು ಬರೆಸಿದ್ದಾರೆ. ವ್ಯಾಪಾರ ಬೇರೆ, ಬಡ್ಡಿ ಬೇರೆ ಎಂದು ಸೂರಃ ಅಲ್ ಬಕರಃದಲ್ಲಿ ಓದಿದವರು ಈ ಬಾಗಿಲನ್ನು ದಾಟುವಾಗ ಏನೆಂದುಕೊಂಡರೋ. ಹಿಂಭಾಗದ ಸೂರಿನಂತೆ ಇದೂ ಒಂದು ಉಡುಪು.

ಹಾಗೆಂದು ಎಲ್ಲವನ್ನೂ ಹೊರಗಿನವರ ತಲೆಗೆ ಕಟ್ಟುವುದು ಸರಿಯಲ್ಲ. ಹದಿನಾರನೇ ಶತಮಾನದಲ್ಲೇ ಉಸ್ಮಾನಿಯಾ ನಾಡಿನಲ್ಲಿ ಹಣದ ವಕ್ಫ್‌ಗಳಿದ್ದವು. ವಕ್ಫ್ ಮಾಡಿದ ನಗದನ್ನು ಕೈಸಾಲ ಕೊಟ್ಟು, ಅದರಿಂದ ಬಂದ ಲಾಭದಲ್ಲಿ ಮಸೀದಿ ಮದ್ರಸ ನಡೆಸುತ್ತಿದ್ದರು. ಶೈಖುಲ್ ಇಸ್ಲಾಮ್ ಅಬುಸ್ಸುಊದ್ ಅದಕ್ಕೆ ಅನುಮತಿ ಕೊಟ್ಟರು, ಬಿರ್ಗಿವೀ ಎಂಬ ವಿದ್ವಾಂಸರು ಕಟುವಾಗಿ ವಿರೋಧಿಸಿದರು. ಆ ಚರ್ಚೆ ತೀರಲೇ ಇಲ್ಲ. ಮುಂದೆ ಗಲಾತಾದ ಲೇವಾದೇವಿಗಾರರು ಬಂದಾಗ ಬಾಗಿಲು ಆಗಲೇ ಅರ್ಧ ತೆರೆದಿತ್ತು.

ಕಟ್ಟಡದ ಹೊಟ್ಟೆಯಲ್ಲಿ ಖಜಾನೆ ಇದೆ. ಕಬ್ಬಿಣ, ಉಕ್ಕಿನ ಬಾಗಿಲುಗಳ ಹಿಂದೆ ಕಪಾಟುಗಳ ಸಾಲು. ಹಿಂದೆ ಇಲ್ಲಿ ನೋಟುಗಳನ್ನು, ಚಿನ್ನವನ್ನು, ಸಾಲಪತ್ರಗಳನ್ನು ಇಡುತ್ತಿದ್ದರು. ಈಗ ಅದೇ ಖಜಾನೆಯೊಳಗೆ ಬ್ಯಾಂಕಿನ ವಸ್ತುಸಂಗ್ರಹಾಲಯ ಮಾಡಿದ್ದಾರೆ. ಹಳೆಯ ನೋಟುಗಳು, ಲೆಕ್ಕದ ಪುಸ್ತಕಗಳು, ಶೇರು ಪತ್ರಗಳು ಅಲ್ಲಿವೆ. ನನಗೆ ಇವುಗಳಿಗಿಂತ ಮುಖ್ಯವೆನಿಸಿದ್ದು ನೌಕರರ ಕಡತಗಳು. ಫೋಟೋ ಸಹಿತ ಸಾವಿರಾರು ಮಂದಿಯ ವಿವರಗಳನ್ನು ಬ್ಯಾಂಕು ಇಟ್ಟುಕೊಂಡಿತ್ತು. ಇತಿಹಾಸಕಾರ ಅದ್ಹಮ್ ಎಲ್ದೆಮ್ ಈ ದಾಖಲೆಗಳನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿ 1999ರಲ್ಲಿ ಬ್ಯಾಂಕಿನ ಇತಿಹಾಸ ಬರೆದರು. ಮೇಲಿನ ಕುರ್ಚಿಗಳಲ್ಲಿ ಯುರೋಪಿನವರು, ಗುಮಾಸ್ತರ ಮೇಜುಗಳಲ್ಲಿ ಹೆಚ್ಚಾಗಿ ಗ್ರೀಕ್, ಆರ್ಮೇನಿಯನ್, ಯಹೂದಿ ಯುವಕರು. ಮುಸ್ಲಿಮರ ಹೆಸರು ಹೆಚ್ಚಾಗಿ ಕಾಣುವುದು ಕಾವಲುಗಾರರು, ಜವಾನರ ಪಟ್ಟಿಯಲ್ಲಿ. ತಮ್ಮದೇ ರಾಜಧಾನಿಯ ಬ್ಯಾಂಕಿನಲ್ಲಿ! ಇದಕ್ಕೆ ಬ್ಯಾಂಕಿನ ಪಕ್ಷಪಾತವೊಂದೇ ಕಾರಣವಲ್ಲ. ಫ್ರೆಂಚ್ ಭಾಷೆ, ಲೆಕ್ಕಪತ್ರ ಬರೆಯುವ ವಿದ್ಯೆ ಕಲಿಸುವ ಶಾಲೆಗಳಿಗೆ ಯಾರ ಮಕ್ಕಳು ಹೋಗುತ್ತಿದ್ದರು ಎಂಬ ಪ್ರಶ್ನೆಯೂ ಇದೆ. ಮೇಷ್ಟ್ರ ಬುದ್ಧಿ, ಎಲ್ಲಿ ಹೋದರೂ ಶಾಲೆಯೇ ಕಾಣುತ್ತದೆ.

ಇನ್ನೊಂದು ಸಂಗತಿ ಹೊರಗಿನಿಂದ ತಟ್ಟನೆ ಗೊತ್ತಾಗುವುದಿಲ್ಲ. ಇದು ನಿಜವಾಗಿ ಜೋಡಿ ಕಟ್ಟಡ. ಒಂದು ಭಾಗ ಬ್ಯಾಂಕಿಗೆ, ಅದಕ್ಕೆ ಅಂಟಿಕೊಂಡ ಇನ್ನೊಂದು ಭಾಗ ರೆಜೀ ತಂಬಾಕು ಕಂಪೆನಿಗೆ. ಹಳ್ಳಿಗಳಲ್ಲಿ ರೆಜೀ ಎಂದರೆ ಶಾಪ ಹಾಕುತ್ತಿದ್ದರು. ರೈತ ತಾನು ಬೆಳೆದ ತಂಬಾಕನ್ನು ಅದು ಹೇಳಿದ ಬೆಲೆಗೆ ಅದಕ್ಕೇ ಮಾರಬೇಕು. ಕದ್ದು ಮಾರಿದರೆ ಅದರ ಶಸ್ತ್ರಧಾರಿ ಕಾವಲುಗಾರರು ಬರುತ್ತಿದ್ದರು. ಆ ಘರ್ಷಣೆಗಳಲ್ಲಿ ಬಹಳ ಜನ ಸತ್ತರು. ಆದರೆ ನಗರದಲ್ಲಿ ರೆಜೀಯ ಕಟ್ಟಡವೂ ಬ್ಯಾಂಕಿನಷ್ಟೇ ಗಂಭೀರ, ಅಷ್ಟೇ ಸುಂದರ.

ಈ ಜೋಡಣೆ ಒಂದು ಸಲ ಒಬ್ಬನ ಜೀವ ಉಳಿಸಿತು. 1896ರ ಆಗಸ್ಟ್ 26ರಂದು ಆರ್ಮೇನಿಯನ್ ಕ್ರಾಂತಿಕಾರಿಗಳು ಬಾಂಬು, ಪಿಸ್ತೂಲುಗಳೊಂದಿಗೆ ಬ್ಯಾಂಕಿಗೆ ನುಗ್ಗಿ ನೌಕರರನ್ನು ಒತ್ತೆ ಇಟ್ಟುಕೊಂಡರು. ಪೂರ್ವ ಪ್ರಾಂತಗಳಲ್ಲಿ ತಮ್ಮವರ ಮೇಲೆ ನಡೆಯುತ್ತಿದ್ದ ಹತ್ಯೆಗಳ ಕಡೆ ಯುರೋಪಿನ ಗಮನ ಸೆಳೆಯುವುದು ಅವರ ಉದ್ದೇಶ. ಯುರೋಪಿನ ಹಣ ಇರುವ ಜಾಗವನ್ನು ಮುಟ್ಟಿದರೆ ಯುರೋಪು ತಿರುಗಿ ನೋಡುತ್ತದೆ ಎಂದು ಅವರಿಗೆ ಗೊತ್ತಿತ್ತು. ಬ್ಯಾಂಕಿನ ಮುಖ್ಯಸ್ಥ ಸರ್ ಎಡ್ಗರ್ ವಿನ್ಸೆಂಟ್ ಮಾಡಿನ ಮೂಲಕ ಪಕ್ಕದ ರೆಜೀ ಕಟ್ಟಡಕ್ಕೆ ದಾಟಿ ಪಾರಾದ. ಸುಮಾರು 14 ಗಂಟೆಗಳ ನಂತರ ಸಂಧಾನವಾಯಿತು, ಉಳಿದ ಕ್ರಾಂತಿಕಾರಿಗಳನ್ನು ಹಡಗು ಹತ್ತಿಸಿ ಫ್ರಾನ್ಸಿಗೆ ಕಳಿಸಲಾಯಿತು. ಆದರೆ ಇಸ್ತಾಂಬುಲಿನ ಬೀದಿಗಳಲ್ಲಿ ಬ್ಯಾಂಕಿನ ಮುಖವನ್ನೂ ನೋಡದ ಸಾವಿರಾರು ಬಡ ಆರ್ಮೇನಿಯನ್ನರನ್ನು ಗುಂಪುಗಳು ಹೊಡೆದು ಕೊಂದವು. ಉಸ್ಮಾನಿಯಾ ಕಾಲದ ವೈಭವವನ್ನು ಹೇಳುವಾಗ ನಾವು ಇದನ್ನು ನುಂಗಿಕೊಳ್ಳುವುದು ನ್ಯಾಯವಲ್ಲ. ನಿರಪರಾಧಿಯ ರಕ್ತಕ್ಕೆ ನಮ್ಮವರು, ಹೊರಗಿನವರು ಎಂಬ ಭೇದವಿಲ್ಲ.

ವಲ್ಲೋರಿ ಮುಂದೆ ದುಯೂನೆ ಉಮೂಮಿಯಾಕ್ಕೂ ಒಂದು ಕಟ್ಟಡ ಕಟ್ಟಿದ. ಅದು ನೀರಿನಾಚೆ, ಹಳೆಯ ನಗರದಲ್ಲೇ, ಬಾಬುಲ್ ಆಲಿಗೆ ಹತ್ತಿರದಲ್ಲೇ 1897ರಲ್ಲಿ ಎದ್ದಿತು. ಅಲ್ಲಿ ಅವನು ಬ್ಯಾಂಕಿನ ಹಿಂಭಾಗದ ಶೈಲಿಯನ್ನೇ ಮುಂಭಾಗಕ್ಕೆ ತಂದ. ಸಾಲ ವಸೂಲಿಯ ಕಚೇರಿಗೆ ಉಸ್ಮಾನಿಯಾ ಉಡುಪು. 1933ರಿಂದ ಆ ಕಟ್ಟಡ ಶಾಲೆಯಾಗಿದೆ, ಟರ್ಕಿಯ ಅತ್ಯಂತ ಹೆಸರುವಾಸಿ ಶಾಲೆಗಳಲ್ಲಿ ಒಂದು. ಸಾಲ ಮಾತ್ರ ಅಷ್ಟು ಬೇಗ ಮುಗಿಯಲಿಲ್ಲ. ಸಾಮ್ರಾಜ್ಯ ಹೋಗಿ ಗಣರಾಜ್ಯ ಬಂದರೂ ಟರ್ಕಿ ತನ್ನ ಪಾಲಿನ ಹಳೆಯ ಸಾಲವನ್ನು ಕಂತು ಕಂತಾಗಿ ಕಟ್ಟಿ, ಕೊನೆಯ ಕಂತನ್ನು ಕೊಟ್ಟದ್ದು 1954ರಲ್ಲಿ. ಮೊದಲ ಸಾಲ ಪಡೆದು ಸರಿಯಾಗಿ ನೂರು ವರ್ಷ.

ಗಲಾತಾದ ಕಟ್ಟಡದ ರೆಜೀ ಭಾಗ ಮುಂದೆ ಟರ್ಕಿಯ ಕೇಂದ್ರ ಬ್ಯಾಂಕಿನ ಪಾಲಾಯಿತು. ನೋಟು ಅಚ್ಚುಹಾಕುವ ಹಕ್ಕು ವಿದೇಶಿ ಬ್ಯಾಂಕಿನಿಂದ ದೇಶದ ಕೇಂದ್ರ ಬ್ಯಾಂಕಿಗೆ ಬಂತು, ಅದೂ ಪಕ್ಕದ ಬಾಗಿಲಿಗೇ! ಒಟ್ಟೋಮನ್ ಬ್ಯಾಂಕು 2001ರಲ್ಲಿ ಗರಾಂಟಿ ಬ್ಯಾಂಕಿನಲ್ಲಿ ವಿಲೀನವಾಯಿತು. ವಾಸ್ತುಶಿಲ್ಪಿ ಹಾನ್ ತ್ಯುಮೆರ್‌ತೆಕಿನ್ ಅವರ ಮೇಲ್ವಿಚಾರಣೆಯಲ್ಲಿ ದುರಸ್ತಿಯಾಗಿ, 2011ರ ನವೆಂಬರಿನಲ್ಲಿ ಸಾಲ್ಟ್ ಗಲಾತಾ ಎಂಬ ಹೆಸರಿನಲ್ಲಿ ಗ್ರಂಥಾಲಯ, ದಾಖಲಾಗಾರ, ಸಭಾಂಗಣ, ಪ್ರದರ್ಶನ ಕೋಣೆಗಳೊಂದಿಗೆ ಜನರಿಗೆ ತೆರೆಯಿತು. ನಮ್ಮ ಭಾಷೆಯಲ್ಲಿ ಸಾಲ್ಟ್ ಎಂದರೆ ಉಪ್ಪು ತಾನೇ ಎಂದು ನೆನಪಾಗಿ ನಗು ಬಂತು. ಟರ್ಕಿ ಭಾಷೆಯಲ್ಲಿ ಆ ಪದಕ್ಕೆ ಬೇರೆ ಅರ್ಥ. ಹಿಂದೆ ಬೀಗ ಹಾಕಿಟ್ಟಿದ್ದ ಕಾಗದಗಳನ್ನು ಈಗ ಯಾವ ವಿದ್ಯಾರ್ಥಿನಿಯೂ ಓದಬಹುದು.

ಇಂಥ ಹಳೆಯ ಕಟ್ಟಡಗಳನ್ನು ಟರ್ಕಿಯಲ್ಲಿ 1983ರ ಒಂದು ಕಾಯ್ದೆ ರಕ್ಷಿಸುತ್ತದೆ. ಪಟ್ಟಿಯಲ್ಲಿ ಸೇರಿದ ಕಟ್ಟಡವನ್ನು ಯಜಮಾನ ತನ್ನಿಷ್ಟದಂತೆ ಕೆಡವುವಂತಿಲ್ಲ, ಹೊರಗಿನ ರೂಪ ಬದಲಿಸುವಂತಿಲ್ಲ. ನಾನು ಫೋಟೋ ತೋರಿಸಿದ ದಿನ ಒಬ್ಬ ಹುಡುಗಿ ಕೇಳಿದಳು: "ಉಸ್ತಾದ್, ಬಡ್ಡಿಯ ಕಟ್ಟಡವಲ್ಲವಾ? ಅದನ್ನು ಯಾಕೆ ಕಾಪಾಡಬೇಕು?" ಒಳ್ಳೆಯ ಪ್ರಶ್ನೆ. ನಾನು ಅವಳಿಗೆ ಹೇಳಿದ್ದು ಇಷ್ಟೇ: ಅಜ್ಜ ಸಾಲ ಮಾಡಿ ತೋಟ ಕಳೆದುಕೊಂಡಿದ್ದರೆ ಆ ಸಾಲಪತ್ರವನ್ನು ಹರಿದು ಒಲೆಗೆ ಹಾಕಬೇಡ. ತೋಟ ಎಲ್ಲಿತ್ತು, ಎಷ್ಟಿತ್ತು, ಯಾರ ಕೈಗೆ ಹೋಯಿತು ಎಂದು ತಿಳಿಯುವುದು ಅದರಿಂದಲೇ. ಈ ಕಟ್ಟಡವನ್ನು ಕೆಡವಿದ್ದರೆ ಟರ್ಕಿಯ ಮಕ್ಕಳಿಗೆ ಮಸೀದಿಗಳು ಮಾತ್ರ ಉಳಿಯುತ್ತಿದ್ದವು, ಸೋತದ್ದು ಹೇಗೆಂದು ಹೇಳುವವರು ಇರುತ್ತಿರಲಿಲ್ಲ. ಅವಳಿಗೆ ಪೂರ್ತಿ ಒಪ್ಪಿಗೆಯಾದಂತೆ ಕಾಣಲಿಲ್ಲ. ಇರಲಿ, ಇನ್ನೂ ಯೋಚಿಸುತ್ತಾಳೆ.

ಈ ಕಥೆಯಲ್ಲಿ ನಮ್ಮ ಅಜ್ಜಿಯಂದಿರ ಪಾಲೂ ಇದೆ. ಮೊದಲ ಮಹಾಯುದ್ಧದಲ್ಲಿ ಉಸ್ಮಾನಿಯಾ ಸಾಮ್ರಾಜ್ಯ ಸೋತ ಮೇಲೆ ಭಾರತದಲ್ಲಿ ಖಿಲಾಫತ್ ಚಳವಳಿ ನಡೆದದ್ದು ನಿಮಗೆ ಗೊತ್ತು. ಗಾಂಧೀಜಿ ಮತ್ತು ಮೌಲಾನಾ ಶೌಕತ್ ಅಲಿ 1920ರ ಆಗಸ್ಟ್ 19ರಂದು ಮಂಗಳೂರಿಗೂ ಬಂದು ಭಾಷಣ ಮಾಡಿದ್ದರು. ಅಲಿ ಸಹೋದರರ ತಾಯಿ, ಬೀ ಅಮ್ಮಾ ಎಂದೇ ಹೆಸರಾದ ಆಬಾದಿ ಬಾನೋ ಬೇಗಂ, ವೃದ್ಧಾಪ್ಯದಲ್ಲೂ ಊರೂರು ತಿರುಗಿ ನಿಧಿ ಕೂಡಿಸಿದರು. ಸಭೆಗಳಲ್ಲಿ ಹೆಂಗಸರು ಬಳೆ, ಓಲೆ, ಸರಗಳನ್ನು ಬಿಚ್ಚಿಕೊಟ್ಟರು. ಹೀಗೆ ಭಾರತದಿಂದ ಟರ್ಕಿಗೆ ಹೋದ ಹಣ 6 ಲಕ್ಷ ಲಿರಾಗಳಿಗೂ ಹೆಚ್ಚು ಎಂದು ಅಲ್ಲಿನ ಇತಿಹಾಸಕಾರರು ಲೆಕ್ಕ ಹೇಳುತ್ತಾರೆ. ಬಹುಪಾಲು ಯುದ್ಧಕಾಲದಲ್ಲಿ ಸೈನ್ಯಕ್ಕೆ ಬಳಕೆಯಾಯಿತು. 1924ರ ಮಾರ್ಚ್ 3ರಂದು ಅಂಕಾರಾದ ಸಂಸತ್ತು ಖಿಲಾಫತನ್ನೇ ರದ್ದು ಮಾಡಿತು. ಅದೇ ವರ್ಷ ಆಗಸ್ಟ್ 26ರಂದು ಮುಸ್ತಫಾ ಕಮಾಲ್, ಭಾರತದ ಮುಸ್ಲಿಮರು ಕಳಿಸಿದ ಹಣದಲ್ಲಿ ಉಳಿದಿದ್ದ 2,50,000 ಲಿರಾಗಳನ್ನು ಮೂಲಧನವಾಗಿ ಹಾಕಿ ಇಶ್ ಬ್ಯಾಂಕ್ ಸ್ಥಾಪಿಸಿದರು. ವಿದೇಶಿ ಬ್ಯಾಂಕುಗಳ ಹಿಡಿತದಿಂದ ಪಾರಾಗಲು ದೇಶಕ್ಕೆ ಸ್ವಂತ ಬ್ಯಾಂಕು ಬೇಕು ಎಂಬುದು ಉದ್ದೇಶ. ಗಲಾತಾದ ಕಟ್ಟಡದ ಕಥೆ ಕೇಳಿದ ಮೇಲೆ ಆ ಉದ್ದೇಶವನ್ನು ಅಲ್ಲಗಳೆಯಲು ಆಗುವುದಿಲ್ಲ. ಆದರೆ ಖಿಲಾಫತ್ ಉಳಿಯಲಿ ಎಂದು ಬಳೆ ಬಿಚ್ಚಿಕೊಟ್ಟವಳನ್ನು ಯಾರೂ ಕೇಳಲಿಲ್ಲ ಎಂಬುದೂ ಅಷ್ಟೇ ನಿಜ.

ಆ ಬ್ಯಾಂಕಿನ ಕೇಂದ್ರ ಕಟ್ಟಡ ಅಂಕಾರಾದ ಉಲುಸ್ ಎಂಬಲ್ಲಿ 1929ರಲ್ಲಿ ಎದ್ದಿತು. ಕಟ್ಟಿದವನು ಇಸ್ತಾಂಬುಲಿನಲ್ಲಿ ಹುಟ್ಟಿದ ಇಟಾಲಿಯನ್, ಜೂಲಿಯೊ ಮೊಂಜೇರಿ. ವಲ್ಲೋರಿ ಪಾಠ ಹೇಳಿದ ಅದೇ ಕಲಾಶಾಲೆಯಲ್ಲಿ ಆಮೇಲೆ ಪಾಠ ಹೇಳಿದವನು. ಎರಡು ಬೀದಿಗಳು ಕೂಡುವ ಮೂಲೆಯಲ್ಲಿ ಹಡಗಿನ ಮೂತಿಯಂತೆ ನಿಂತ ಆ ಕಟ್ಟಡವೂ ಈಗ ವಸ್ತುಸಂಗ್ರಹಾಲಯ. 2019ರಲ್ಲಿ ಆರ್ಥಿಕ ಸ್ವಾತಂತ್ರ್ಯದ ವಸ್ತುಸಂಗ್ರಹಾಲಯ ಎಂಬ ಹೆಸರಿನಲ್ಲಿ ತೆರೆಯಿತು. ನಮ್ಮ ಕಡೆಯಿಂದ ಅಂಕಾರಾಕ್ಕೆ ಹೋಗುವವರು ಕಡಿಮೆ. ಹೋದವರು ಅದನ್ನು ನೋಡದೆ ಬರಬಾರದು.

ಇಸ್ತಾಂಬುಲಿಗೆ ಹೋಗುವವರಿಗೆ ದಾರಿ ಸುಲಭ. ಟ್ರಾಮಿನಲ್ಲಿ ಕರಾಕೋಯ್ ನಿಲ್ದಾಣದಲ್ಲಿ ಇಳಿದು ಬ್ಯಾಂಕುಗಳ ಬೀದಿಯ ಏರನ್ನು ಹತ್ತಬೇಕು. ಬಲಗಡೆ ಎರಡು ಬಳ್ಳಿಗಳು ಹೆಣೆದುಕೊಂಡಂತೆ ಮೇಲೇರುವ ಮೆಟ್ಟಿಲುಗಳು ಕಾಣುತ್ತವೆ. ಕಮೊಂದೊ ಎಂಬ ಯಹೂದಿ ಲೇವಾದೇವಿ ಕುಟುಂಬ ಹತ್ತೊಂಬತ್ತನೇ ಶತಮಾನದಲ್ಲಿ ಕಟ್ಟಿಸಿದ್ದು. ಮಕ್ಕಳಿಗೆ ಅಲ್ಲಿ ಹತ್ತಿ ಇಳಿಯುವುದೆಂದರೆ ಖುಷಿ. ಅಲ್ಲಿಂದ ಸ್ವಲ್ಪ ದೂರದಲ್ಲೇ ಬ್ಯಾಂಕು. ಒಳಗೆ ಹೋಗಿ ಪ್ರವೇಶದ ಅರಬಿ ವಾಕ್ಯವನ್ನು ಓದಿ, ಖಜಾನೆಗೆ ಇಳಿದು ಬನ್ನಿ. ಆಮೇಲೆ ವಾಪಸು ಬಂದು ಗಲಾತಾ ಸೇತುವೆಯ ಮೇಲೆ ನಿಂತು ಗೋಪುರದ ಕಡೆ ತಿರುಗಿ. ಗೋಪುರದ ಕೆಳಗೆ, ಇಳಿಜಾರಿನಲ್ಲಿ, ಅಗಲ ಸೂರಿನ ಎತ್ತರದ ಜೋಡಿ ಮಹಲು ಕಾಣುತ್ತದೆ. ಈಗಷ್ಟೇ ಹೋಗಿ ಬಂದ ಬ್ಯಾಂಕು ಅದೇ.